ಯಂತ್ರಕ್ಕೆ ಮುಪ್ಪುಂಟೆ?
ಮನೆಯಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಪಾಲನೆ

ಮನುಷ್ಯನಿಗೆ ಮುಪ್ಪುಂಟು, ದನಕರುಗಳಿಗೂ ಮರಗಿಡಗಳಿಗೂ ಉಂಟು. ಇವೆಲ್ಲ ಜೀವಿಗಳು. ಇವುಗಳ ಮುಪ್ಪು ಒಳಗಿನಿಂದಲೇ ಬರುವುದು. ಅದನ್ನು ತಡೆಯುವ ಉಪಾಯ ನಮಗೆ ತಿಳಿಯದು. ಆದರೆ ಯಂತ್ರಕ್ಕೆ ಮುಪ್ಪು ಬರುವುದೆಂದರೇನು? ಹದಿನೈದು ಇಪ್ಪತ್ತು ವರ್ಷ ಓಡಿದ ಮೋಟಾರು ಗಾಡಿಯನ್ನು ಕಂಡು “ಇದಕ್ಕೆ ವಯಸ್ಸಾಯಿತು” ಎಂದು ನಾವು ಗುಜರಿಗೆ ಕಳುಹಿಸಿಬಿಡುತ್ತೇವೆ. ಹೀಗಿರುವಲ್ಲಿ ಇಂಗ್ಲೆಂಡಿನ ಎಷ್ಟೋ ಮನೆಗಳ ಷೆಡ್ಡುಗಳಲ್ಲಿ ಐವತ್ತು ಅರುವತ್ತು ವರ್ಷ ದಾಟಿದ ಕಾರುಗಳು ಇಂದಿಗೂ ಎಂಜಿನ್ನು ಚಾಲೂ ಮಾಡಿದೊಡನೆ ರಸ್ತೆಗಿಳಿಯಲು ಸಿದ್ಧವಾಗಿ ನಿಂತಿವೆ. ಕಬ್ಬಿಣ ಅದೇ ಕಬ್ಬಿಣ, ರಬ್ಬರು ಅದೇ ರಬ್ಬರು. ಒಂದಕ್ಕೆ ಮುಪ್ಪು ಬೇಗ ಬಂದು ಇನ್ನೊಂದಕ್ಕೆ ಬಾರದಿರುವುದಕ್ಕೆ ಕಾರಣವೇನು?

ಯಂತ್ರದ ಮುಪ್ಪು ಎಂಬುದು ಒಂದಲ್ಲ. ಅದು ಹಲವು ಸಣ್ಣ ಸಣ್ಣ ಭೌತ ಮತ್ತು ರಾಸಾಯನಿಕ ಕ್ರಿಯೆಗಳ ಮೊತ್ತ. ಅವುಗಳಲ್ಲಿ ಪ್ರತಿಯೊಂದನ್ನೂ ತಿಳಿಯಬಹುದು, ಅಳೆಯಬಹುದು, ಬಹುಮಟ್ಟಿಗೆ ತಡೆಯಲೂಬಹುದು. ಅಳೆಯುವ ಅಭ್ಯಾಸವುಳ್ಳ ಒಡೆಯನ ಕೈಯಲ್ಲಿ ಕಾರು ಬಾಳುವುದು; ಅಲಕ್ಷ್ಯ ಮಾಡಿದವನ ಕೈಯಲ್ಲಿ ಅಳಿಯುವುದು. ಇದನ್ನು ಒಂದು ನಿಜವಾದ ಕಾರಿನ ಉದಾಹರಣೆಯಿಂದ ನೋಡೋಣ.

ಕಾರಿನ ಪರಿಚಯ

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ನಗರದ ಸಮೀಪದಲ್ಲಿ ಅಬಿಂಗ್ಡನ್ ಎಂಬ ಊರಿದೆ. ಅಲ್ಲಿನ ಕಾರ್ಖಾನೆಯಲ್ಲಿ 1962ರಿಂದ 1980ರ ವರೆಗೆ ‘ಎಂ.ಜಿ.ಬಿ.’ ಎಂಬ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಎಂ.ಜಿ. ಎಂಬುದು ‘ಮಾರಿಸ್ ಗ್ಯಾರೇಜಸ್’ ಎಂಬುದರ ಸಂಕ್ಷೇಪ. ಇಬ್ಬರಿಗೆ ಸಾಕಾಗುವ ಆಸನ, ಬೇಕಾದಾಗ ತೆಗೆಯಬಹುದಾದ ಬಟ್ಟೆಯ ಮಾಡು, ನೆಲಕ್ಕೆ ಹತ್ತಿರವಾದ ತಗ್ಗು ಮೈಕಟ್ಟು—ಇವು ಅದರ ಲಕ್ಷಣಗಳು. 1965ರಿಂದ ಗಟ್ಟಿಮಾಡಿನ ಇನ್ನೊಂದು ರೂಪವೂ ಬಂದಿತು. ಎಲ್ಲ ಬಗೆಗಳೂ ಸೇರಿ ಐದು ಲಕ್ಷಕ್ಕಿಂತ ಹೆಚ್ಚು ಕಾರುಗಳು ಹೊರಬಿದ್ದವು. 1980ರಲ್ಲಿ ಕಾರ್ಖಾನೆ ಮುಚ್ಚಿಹೋಯಿತು.

ಇದರ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಂದೊಂದರ ವ್ಯಾಸ 80.26 ಮಿಲಿಮೀಟರು, ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುವ ದೂರ 88.9 ಮಿಲಿಮೀಟರು. ಇಷ್ಟು ತಿಳಿದರೆ ಎಂಜಿನ್ನಿನ ಗಾತ್ರವನ್ನು ನೀವೇ ಲೆಕ್ಕ ಹಾಕಬಹುದು. ಸ್ತಂಭಾಕೃತಿಯ ಘನಫಲದ ಸೂತ್ರವನ್ನು ಪ್ರಯೋಗಿಸಿದರೆ ಒಂದು ಸಿಲಿಂಡರಿಗೆ ಸುಮಾರು 450 ಘನ ಸೆಂಟಿಮೀಟರು ಬರುವುದು. ನಾಲ್ಕಕ್ಕೂ ಸೇರಿ ಸುಮಾರು 1800.

ಈ ಎಂಜಿನ್ನು ನಮಗೆ ತೀರ ಅಪರಿಚಿತವಾದುದಲ್ಲ. ನಮ್ಮ ದೇಶದ ರಸ್ತೆಗಳಲ್ಲಿ ಹಲವು ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರನ್ನು ಯಾರು ಕಂಡಿಲ್ಲ? ಅದರಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಎಂಜಿನ್ನೂ ಎಂ.ಜಿ.ಬಿ.ಯ ಎಂಜಿನ್ನೂ ‘ಬಿ ಸರಣಿ’ ಎಂಬ ಒಂದೇ ಕುಟುಂಬಕ್ಕೆ ಸೇರಿದವು, ಅಣ್ಣ ತಮ್ಮಂದಿರೆನ್ನಬಹುದು. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. ಮುಂದೆ ಹೇಳುವ ಎಷ್ಟೋ ಸಂಗತಿಗಳು ನಮ್ಮ ಊರುಗಳ ಹಳೆಯ ಟ್ಯಾಕ್ಸಿ ಮೆಕ್ಯಾನಿಕ್ಕುಗಳಿಗೆ ಕರತಲಾಮಲಕವಾಗಿದ್ದವು.

ಈಗ, 1970ರ ಸುಮಾರಿನಲ್ಲಿ ಇಂಥ ಕಾರೊಂದನ್ನು ಕೊಂಡು ಇಂದಿನವರೆಗೂ ಮಾರದೆ ಇಟ್ಟುಕೊಂಡಿರುವ ಒಬ್ಬ ಒಡೆಯನನ್ನು ಊಹಿಸಿಕೊಳ್ಳಿರಿ. ಆತ ಎಂಜಿನಿಯರನಲ್ಲ. ಮನೆಯ ಪಕ್ಕದಲ್ಲಿ ಒಂದು ಷೆಡ್ಡು, ಕೆಲವು ಸ್ಪ್ಯಾನರುಗಳು, ಒಂದು ನೋಟುಬುಕ್ಕು—ಇವಿಷ್ಟೇ ಆತನ ಸಲಕರಣೆ. ಆತನು ಎದುರಿಸಬೇಕಾದ ಶತ್ರುಗಳು ಯಾರು ಯಾರು?

ಮೊದಲನೆಯ ಶತ್ರು: ತುಕ್ಕು

ಎಂಜಿನ್ನು ಕೆಟ್ಟರೆ ಸರಿಪಡಿಸಬಹುದು. ಮೈ ತುಕ್ಕು ಹಿಡಿದರೆ ಕಾರೇ ಹೋಯಿತು. ಏಕೆಂದರೆ ಎಂ.ಜಿ.ಬಿ.ಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ ಇಲ್ಲ. ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಮೈಯೇ ಅದರ ಅಸ್ಥಿಪಂಜರ. ಮಾಡಿಲ್ಲದ ಕಾರಿನಲ್ಲಿ ಮೇಲುಗಡೆಯ ಆಸರೆ ಇಲ್ಲವಾದುದರಿಂದ, ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೆ ಹಾಯ್ದಿರುವ ಟೊಳ್ಳು ತೊಲೆಗಳು ಭಾರದ ಬಹುಭಾಗವನ್ನು ಹೊರಬೇಕಾಗುವುದು. ತುಕ್ಕು ಮೊದಲು ಹಿಡಿಯುವುದು ಈ ತೊಲೆಗಳಿಗೇ.

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ನೀರೂ ಬೇಕು, ಆಮ್ಲಜನಕವೂ ಬೇಕು ಎಂಬುದನ್ನು ನೀವು ಶಾಲೆಯಲ್ಲಿ ಮೊಳೆಗಳ ಪ್ರಯೋಗದಿಂದ ಕಲಿತಿರುವಿರಿ. ಇದು ನಿಜಕ್ಕೂ ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಲೋಹದ ಒಂದೆಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುವುವು. ಇನ್ನೊಂದೆಡೆ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಪಡೆಯುವುದು. ನೀರಿನಲ್ಲಿ ಉಪ್ಪು ಬೆರೆತಿದ್ದರೆ ಅದು ವಿದ್ಯುತ್ತನ್ನು ಹೆಚ್ಚು ಚೆನ್ನಾಗಿ ಹರಿಯಬಿಡುವುದರಿಂದ ಕ್ರಿಯೆ ಶೀಘ್ರವಾಗುವುದು. ನಮ್ಮ ಕಡಲತೀರದ ಊರುಗಳಲ್ಲಿ ಕಿಟಕಿಯ ಸರಳುಗಳು ಬೇಗ ಸವೆಯುವುದು ಇದರಿಂದಲೇ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗಳ ಮೇಲೆ ಹಿಮ ಗಟ್ಟಿಯಾಗದಂತೆ ಉಪ್ಪನ್ನು ಎರಚುವರು; ಅದು ಚಕ್ರಗಳಿಂದ ಸಿಡಿದು ಕಾರಿನ ತಳಕ್ಕೆ ಅಂಟಿಕೊಳ್ಳುವುದು. ತುಕ್ಕಿನ ಘನ ಅದು ನುಂಗಿದ ಕಬ್ಬಿಣದ ಘನಕ್ಕಿಂತ ಹೆಚ್ಚು. ಆದುದರಿಂದ ಅದು ಬಣ್ಣದ ಪದರವನ್ನು ಒಳಗಿನಿಂದ ಎಬ್ಬಿಸಿ, ತಾನು ಮುಂದುವರಿಯುವುದಕ್ಕೆ ದಾರಿ ಮಾಡಿಕೊಳ್ಳುವುದು. ಹೊರಗೆ ಒಂದು ಸಣ್ಣ ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹಾಳಾಗಿರುವುದುಂಟು.

ಇದಕ್ಕೆ ಒಡೆಯನ ಪ್ರತಿಕ್ರಿಯೆ ಸರಳ. ಚಳಿಗಾಲ ಮುಗಿದೊಡನೆ ಕಾರಿನ ತಳವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯುವನು. ತೊಲೆಗಳ ಅಡಿಯಲ್ಲಿ ನೀರು ಬಸಿದುಹೋಗುವುದಕ್ಕಾಗಿ ಕಾರ್ಖಾನೆಯವರೇ ಬಿಟ್ಟಿರುವ ಕಂಡಿಗಳಲ್ಲಿ ಕೆಸರು ಕಟ್ಟಿಕೊಂಡಿದ್ದರೆ ತಂತಿಯಿಂದ ಬಿಡಿಸುವನು. ಎಲ್ಲವೂ ಒಣಗಿದ ಮೇಲೆ ಟೊಳ್ಳುಗಳ ಒಳಗೆ ತೆಳುವಾದ ಮೇಣವನ್ನು ಸಿಂಪಡಿಸುವನು. ಮೇಣದ ಪದರವು ನೀರನ್ನೂ ಗಾಳಿಯನ್ನೂ ಲೋಹದಿಂದ ದೂರವಿಡುವುದು. ವರ್ಷಕ್ಕೆ ಒಂದು ದಿನದ ಈ ಕೆಲಸ ತಪ್ಪಿದರೆ ಬೆಸುಗೆಯವನಲ್ಲಿ ವಾರಗಟ್ಟಲೆಯ ಕೆಲಸವಾಗುವುದು. ಎಷ್ಟೋ ಕಾರುಗಳು ಹೀಗೆ ಕೊಳೆತುಹೋದುದರಿಂದ, ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಲ್ಲಿ ಎಂ.ಜಿ.ಬಿ.ಯ ಹೊಸ ಮೈಗಳನ್ನು ಮತ್ತೆ ತಯಾರಿಸಲು ಇಂಗ್ಲೆಂಡಿನಲ್ಲಿ ಪ್ರಾರಂಭಿಸಿದರು.

ನಿಲ್ಲಿಸಿಟ್ಟರೆ ಉಳಿಯುವುದೆ?

“ಓಡಿಸಿದರೆ ತಾನೆ ಸವೆಯುವುದು? ಷೆಡ್ಡಿನಲ್ಲಿ ಮುಚ್ಚಿಟ್ಟರೆ ಹಾಗೆಯೇ ಉಳಿಯುವುದಲ್ಲ!” ಎಂದು ಕೆಲವರು ಭಾವಿಸುವರು. ಇದು ದೊಡ್ಡ ತಪ್ಪು. ನಿಂತ ಕಾರಿನ ಬ್ಯಾಟರಿ ತಾನಾಗಿಯೇ ಬರಿದಾಗುವುದು. ಬರಿದಾದ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂತು ಮತ್ತೆ ವಿದ್ಯುತ್ತನ್ನು ತುಂಬಗೊಡಲಾರವು. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುವುದು. ರಬ್ಬರಿನ ಬಿರಡೆಗಳು ಒಣಗಿ ಬಿರುಕು ಬಿಡುವುವು. ಸಿಲಿಂಡರಿನ ಗೋಡೆಯ ಮೇಲಿದ್ದ ಎಣ್ಣೆ ಇಳಿದುಹೋಗಿ ಅಲ್ಲಿಯೂ ತುಕ್ಕು ಹತ್ತುವುದು.

ಹಾಗಾದರೆ ವಾರಕ್ಕೊಮ್ಮೆ ಷೆಡ್ಡಿನಲ್ಲಿಯೇ ಐದು ನಿಮಿಷ ಎಂಜಿನ್ನನ್ನು ಚಾಲೂ ಮಾಡಿ ನಿಲ್ಲಿಸಿದರೆ ಸಾಲದೆ? ಸಾಲದು, ಅದರಿಂದ ಕೇಡೇ ಹೆಚ್ಚು. ಇದಕ್ಕೆ ಒಂದು ಲೆಕ್ಕವಿದೆ. ಪೆಟ್ರೋಲನ್ನು ಸುಮಾರಾಗಿ ಆಕ್ಟೇನ್ ಎಂದು ಎಣಿಸೋಣ. ಅದರ ಒಂದು ಅಣುವಿನಲ್ಲಿ 8 ಇಂಗಾಲದ ಪರಮಾಣುಗಳೂ 18 ಜಲಜನಕದ ಪರಮಾಣುಗಳೂ ಇವೆ. ಅದು ಪೂರ್ತಿಯಾಗಿ ಉರಿದರೆ 9 ಅಣು ನೀರು ಹುಟ್ಟುವುದು. ತೂಕದಲ್ಲಿ ಹೇಳುವುದಾದರೆ 114 ಗ್ರಾಂ ಆಕ್ಟೇನಿನಿಂದ 162 ಗ್ರಾಂ ನೀರು. ಒಂದು ಲೀಟರು ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಹಾಗಾದರೆ ಅದರಿಂದ ಬರುವ ನೀರು ಸುಮಾರು 1050 ಗ್ರಾಂ. ಅಂದರೆ ಒಂದು ಲೀಟರು ಪೆಟ್ರೋಲು ಉರಿದರೆ ಒಂದು ಲೀಟರಿಗಿಂತ ತುಸು ಹೆಚ್ಚೇ ನೀರು! ಉರಿದ ಮೇಲೆ ನೀರು ಬರುವುದೆಂಬುದು ಕೇಳಿದವರಿಗೆ ವಿಚಿತ್ರವಾಗಿ ತೋರಿದರೂ ರಸಾಯನಶಾಸ್ತ್ರವು ಹೇಳುವುದು ಹಾಗೆಯೇ.

ಎಂಜಿನ್ನು ಬಿಸಿಯಾಗಿದ್ದರೆ ಈ ನೀರು ಆವಿಯಾಗಿ ಹೊಗೆಕೊಳವೆಯಿಂದ ಹೊರಟುಹೋಗುವುದು. ತಣ್ಣಗಿದ್ದರೆ ಸೈಲೆನ್ಸರಿನೊಳಗೆ ಹನಿಗಟ್ಟಿ ನಿಲ್ಲುವುದು. ಸ್ವಲ್ಪ ಭಾಗ ಪಿಸ್ಟನ್ನಿನ ಬಳೆಗಳನ್ನು ನುಸುಳಿ ಕೆಳಗಿನ ಎಣ್ಣೆಗೆ ಸೇರುವುದು. ದಹನದಿಂದ ಹುಟ್ಟಿದ ಆಮ್ಲಗಳೊಡನೆ ಕೂಡಿ ಅದು ಬೇರಿಂಗುಗಳನ್ನು ಕೊರೆಯುವುದು. ಆದುದರಿಂದ ಬಲ್ಲ ಒಡೆಯನು ಕಾರನ್ನು ಹೊರತೆಗೆದರೆ ಕನಿಷ್ಠ ಅರ್ಧ ಗಂಟೆಯಾದರೂ, ಎಣ್ಣೆ ಚೆನ್ನಾಗಿ ಕಾಯುವವರೆಗೆ, ರಸ್ತೆಯಲ್ಲಿ ಓಡಿಸಿಯೇ ಹಿಂದಿರುಗುವನು. ಎಣ್ಣೆಯನ್ನು ಮೈಲಿಯ ಲೆಕ್ಕದಿಂದ ಮಾತ್ರವಲ್ಲ, ಕಾರು ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸುವನು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನು ನಡೆಸಬಾರದೆಂಬುದಕ್ಕೆ ಇನ್ನೂ ಗಂಭೀರವಾದ ಕಾರಣವೊಂದುಂಟು: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಎಚ್ಚರಿಕೆ ಕೊಡದೆ ಪ್ರಾಣ ತೆಗೆಯುವುದು.

ಒಂಬತ್ತರ ಸೂತ್ರ

ಎಂಜಿನ್ನಿನ ತಲೆಯಲ್ಲಿ ಎಂಟು ಕವಾಟಗಳಿವೆ. ಪ್ರತಿ ಸಿಲಿಂಡರಿಗೆ ಎರಡು. ಒಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಬಿಡುವುದು, ಇನ್ನೊಂದು ಉರಿದ ಹೊಗೆಯನ್ನು ಹೊರಕ್ಕೆ ಬಿಡುವುದು. ಕವಾಟದ ಕಾಂಡಕ್ಕೂ ಅದನ್ನು ಒತ್ತುವ ಸನ್ನೆಗೂ ನಡುವೆ 0.015 ಅಂಗುಲದ, ಎಂದರೆ 0.38 ಮಿಲಿಮೀಟರಿನ ಸಂದು ಇರಬೇಕು. ಏಕೆಂದರೆ ಲೋಹ ಕಾದರೆ ಹಿಗ್ಗುವುದು. ಸಂದು ಇಲ್ಲದಿದ್ದರೆ ಹಿಗ್ಗಿದ ಕಾಂಡವು ಸನ್ನೆಗೆ ತಾಗಿ ಕವಾಟವು ಪೂರ್ತಿ ಮುಚ್ಚಿಕೊಳ್ಳದೆ, ಬೆಂಕಿಯ ನಾಲಗೆ ನುಗ್ಗಿ ಅದರ ಅಂಚು ಸುಟ್ಟುಹೋಗುವುದು. ಸಂದು ಹೆಚ್ಚಾದರೆ ಟಿಕ್ ಟಿಕ್ ಎಂಬ ಸದ್ದು ಕೇಳಿಬರುವುದು. ಕವಾಟವು ತಕ್ಕಷ್ಟು ತೆರೆಯದೆ ಎಂಜಿನ್ನಿನ ಶಕ್ತಿ ಕುಂದುವುದು.

ಈ ಸಂದನ್ನು ಫೀಲರ್ ಗೇಜ್ ಎಂಬ ತೆಳುವಾದ ಉಕ್ಕಿನ ಪಟ್ಟಿಯಿಂದ ಅಳೆಯುವರು. ಅಳೆಯುವಾಗ ಆ ಕವಾಟವು ಪೂರ್ತಿಯಾಗಿ ಮುಚ್ಚಿರಬೇಕು. ಯಾವಾಗ ಮುಚ್ಚಿರುವುದೆಂದು ತಿಳಿಯುವುದು ಹೇಗೆ? ಇದಕ್ಕೆ ಮೆಕ್ಯಾನಿಕ್ಕುಗಳು ಸೊಗಸಾದ ಸೂತ್ರವೊಂದನ್ನು ಬಳಸುವರು. ಮುಂದಿನಿಂದ ಹಿಂದಕ್ಕೆ ಕವಾಟಗಳಿಗೆ 1ರಿಂದ 8ರ ವರೆಗೆ ಸಂಖ್ಯೆ ಕೊಡಿರಿ. ಎಂಜಿನ್ನನ್ನು ಮೆಲ್ಲಗೆ ಕೈಯಿಂದ ತಿರುಗಿಸಿ 8ನೆಯ ಕವಾಟವು ಪೂರ್ತಿ ತೆರೆದಾಗ 1ನೆಯದನ್ನು ಅಳೆಯಿರಿ. 6ನೆಯದು ತೆರೆದಾಗ 3ನೆಯದನ್ನು. 4ನೆಯದು ತೆರೆದಾಗ 5ನೆಯದನ್ನು. ಎರಡು ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ ಒಂಬತ್ತು.

ಇದರಲ್ಲಿ ಮಂತ್ರವೇನೂ ಇಲ್ಲ. 1ನೆಯ ಮತ್ತು 4ನೆಯ ಸಿಲಿಂಡರುಗಳ ಪಿಸ್ಟನ್ನುಗಳು ಜೊತೆಯಾಗಿ ಏರಿ ಇಳಿಯುವುವು. 2ನೆಯ ಮತ್ತು 3ನೆಯವೂ ಹಾಗೆಯೇ. ಆದರೆ ಜೋಡಿಯಲ್ಲಿ ಒಂದು ಹೊಗೆಯನ್ನು ಹೊರತಳ್ಳಲು ಏರುತ್ತಿರುವಾಗ ಇನ್ನೊಂದು ಮಿಶ್ರಣವನ್ನು ಅದುಮಲು ಏರುತ್ತಿರುವುದು. ಅದುಮುವಾಗ ಎರಡು ಕವಾಟಗಳೂ ಮುಚ್ಚಿರಲೇಬೇಕು. ಕವಾಟಗಳ ಸಾಲು ನಡುವಿನಿಂದ ಎರಡು ಕಡೆಗೂ ಕನ್ನಡಿಯ ಪ್ರತಿಬಿಂಬದಂತೆ ಜೋಡಿಸಲ್ಪಟ್ಟಿದೆ. ಆದುದರಿಂದ ಸಂಖ್ಯೆಗಳ ಮೊತ್ತ ಒಂಬತ್ತಾಗುವುದು. ಅಂಬಾಸಿಡರಿನ ಬಿ ಸರಣಿಯ ಎಂಜಿನ್ನಿಗೂ ಇದೇ ಲೆಕ್ಕ ಒಪ್ಪುವುದು.

ಉಸಿರಾಟವನ್ನು ಆಲಿಸುವುದು

ಗಾಳಿಯಲ್ಲಿ ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವ ಅಂಗವೇ ಕಾರ್ಬುರೇಟರು. ಎಂ.ಜಿ.ಬಿ.ಯಲ್ಲಿ ‘ಎಸ್.ಯು.’ ಎಂಬ ಹೆಸರಿನ ಎರಡು ಕಾರ್ಬುರೇಟರುಗಳಿವೆ. ಸ್ಕಿನ್ನರ್ ಎಂಬ ಸೋದರರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಪಿಸಿದ ಉಪಕರಣವಿದು. ಅದರ ಗುಮ್ಮಟದೊಳಗೆ ಒಂದು ಪಿಸ್ಟನ್ನು ಮೇಲೆ ಕೆಳಗೆ ಜಾರುವುದು. ಅದರ ತಳಕ್ಕೆ ಕ್ರಮೇಣ ಸಪೂರವಾಗುವ ಒಂದು ಸೂಜಿ ಅಂಟಿದೆ. ಸೂಜಿಯು ಪೆಟ್ರೋಲು ಬರುವ ಸಣ್ಣ ಕಂಡಿಯೊಳಗೆ ಇಳಿದಿರುವುದು. ಎಂಜಿನ್ನು ಹೆಚ್ಚು ಗಾಳಿಯನ್ನು ಎಳೆದಾಗ ಪಿಸ್ಟನ್ನು ಏರಿ ಗಾಳಿಯ ದಾರಿಯನ್ನು ಅಗಲ ಮಾಡುವುದು. ಒಡನೆಯೇ ಸೂಜಿಯೂ ಏರಿ ಪೆಟ್ರೋಲಿನ ದಾರಿಯನ್ನು ಅಗಲ ಮಾಡುವುದು. ಹೀಗೆ ಗಾಳಿಯ ವೇಗವು ಕಂಡಿಯ ಬಳಿ ಹೆಚ್ಚುಕಡಿಮೆ ಒಂದೇ ಆಗಿ ಉಳಿದು, ಗಾಳಿ ಎಷ್ಟೋ ಅದಕ್ಕೆ ತಕ್ಕಷ್ಟು ಪೆಟ್ರೋಲು ದೊರೆಯುವುದು.

ಎರಡು ಕಾರ್ಬುರೇಟರುಗಳೂ ಸಮಪ್ರಮಾಣದ ಗಾಳಿಯನ್ನು ಎಳೆಯಬೇಕು. ಇದನ್ನು ಪರೀಕ್ಷಿಸಲು ಒಡೆಯನು ಒಂದು ರಬ್ಬರು ಕೊಳವೆಯ ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೆ ಸರದಿಯಂತೆ ಹಿಡಿಯುವನು. ವೈದ್ಯನು ಎದೆಯ ಸದ್ದನ್ನು ಆಲಿಸಿದ ಹಾಗೆ. ಎರಡರ ‘ಸ್ಸ್’ ಎಂಬ ಸದ್ದು ಒಂದೇ ಸ್ವರದಲ್ಲಿದ್ದರೆ ಅವು ಸಮವಾಗಿವೆ. ಆಮೇಲೆ, ಕಾದ ಎಂಜಿನ್ನು ನಿಧಾನವಾಗಿ ನಡೆಯುತ್ತಿರುವಾಗ ಪಿಸ್ಟನ್ನನ್ನು ಸುಮಾರು ಒಂದು ಮಿಲಿಮೀಟರಿಗಿಂತ ಕಡಮೆ ಮೇಲೆತ್ತಿ ನೋಡುವನು. ಎಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ. ವೇಗ ತಗ್ಗಿದರೆ ಕಡಮೆಯಾಗಿದೆ. ಕ್ಷಣಕಾಲ ತುಸು ಏರಿ ಮೊದಲಿನಂತಾದರೆ ಸರಿಯಾಗಿದೆ. ಉರಿಯ ಸಾಕ್ಷಿಯನ್ನು ಸ್ಪಾರ್ಕ್ ಪ್ಲಗ್ಗು ಹೇಳುವುದು: ಅದರ ತುದಿ ತಿಳಿಗಂದು ಬಣ್ಣವಾಗಿದ್ದರೆ ಕ್ಷೇಮ, ಕಪ್ಪು ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಮೆ.

ಕಿಡಿಯ ವಿಷಯವೂ ಇಷ್ಟೇ ನಾಜೂಕು. ನಾಲ್ಕು ಹೆಜ್ಜೆಯ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ ಬೇಕು. ನಾಲ್ಕು ಸಿಲಿಂಡರುಗಳಿಗೆ ಸುತ್ತಿಗೆ ಎರಡು ಕಿಡಿಗಳು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳಾದುವು! ಇಷ್ಟು ಸಲವೂ ಒಂದು ಜೊತೆ ಸಣ್ಣ ಲೋಹದ ತುದಿಗಳು ಕೂಡಿ ಅಗಲಿ ವಿದ್ಯುತ್ ಪ್ರವಾಹವನ್ನು ಕಡಿಯಬೇಕು. ಕಡಿದಾಗಲೆಲ್ಲ ಸುರುಳಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟುವುದು. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ ಪ್ರೇರಣೆಯೇ ಇದಕ್ಕೆ ಆಧಾರ. ಆ ತುದಿಗಳು ಸುಟ್ಟು ಸವೆಯುವುದರಿಂದ ಅವುಗಳ ಸಂದನ್ನೂ ಆಗಾಗ ಅಳೆಯಬೇಕು.

ಬ್ರೇಕು: ಇಲ್ಲಿ ತಪ್ಪಿಗೆ ಎಡೆಯಿಲ್ಲ

ಎಂಜಿನ್ನಿನಲ್ಲಿ ತಪ್ಪಾದರೆ ಕಾರು ನಿಲ್ಲುವುದು. ಬ್ರೇಕಿನಲ್ಲಿ ತಪ್ಪಾದರೆ ನಿಲ್ಲದೆ ಹೋಗುವುದು. ಎರಡನೆಯದೇ ಭಯಂಕರ. ಪಾಸ್ಕಲನ ನಿಯಮದಂತೆ, ಕಾಲಿನಿಂದ ಅದುಮಿದ ಒತ್ತಡವು ಕೊಳವೆಗಳಲ್ಲಿರುವ ದ್ರವದ ಮೂಲಕ ನಾಲ್ಕು ಚಕ್ರಗಳಿಗೂ ಸಮವಾಗಿ ಹರಡುವುದು. ದ್ರವವು ಕುಗ್ಗುವುದಿಲ್ಲ ಎಂಬುದೇ ಈ ವ್ಯವಸ್ಥೆಯ ತಳಹದಿ.

ಆದರೆ ಸಾಮಾನ್ಯವಾದ ಬ್ರೇಕಿನ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಸ್ವಭಾವವಿದೆ. ‘ಡಾಟ್ 4’ ಎಂಬ ದರ್ಜೆಯ ಹೊಸ ದ್ರವವು ಕನಿಷ್ಠ 230 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು. ಶೇಕಡಾ ನಾಲ್ಕಕ್ಕೆ ಹತ್ತಿರದಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುವುದು. ಉದ್ದವಾದ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತ ಬಂದರೆ ಕಾರಿನ ಚಲನಶಕ್ತಿ ಎಲ್ಲವೂ ಶಾಖವಾಗುವುದು. ಆಗ ಹಳೆಯ ದ್ರವವು ಕುದಿದು ಆವಿಯ ಗುಳ್ಳೆಗಳೇಳುವುವು. ಆವಿ ಕುಗ್ಗುವಂಥದು. ಕಾಲಿನ ಕೆಳಗೆ ಪೆಡಲು ಸ್ಪಂಜಿನಂತೆ ನೆಲಕ್ಕಿಳಿದುಹೋಗುವುದು, ಬ್ರೇಕು ಹಿಡಿಯದು. ಮೊದಲ ವರ್ಷಗಳ ಎಂ.ಜಿ.ಬಿ.ಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗವಿದ್ದುದರಿಂದ, ಒಂದೆಡೆ ಸೋರಿದರೂ ಕಾಲಿನ ಬ್ರೇಕು ಪೂರ್ತಿಯಾಗಿ ಕೈಕೊಡಬಹುದು. ಆಗ ಉಳಿಯುವುದು ತಂತಿಯಿಂದ ಎಳೆಯುವ ಕೈಬ್ರೇಕೊಂದೇ. ಆದುದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ತಪ್ಪದೆ ಬದಲಿಸಬೇಕು. ರಬ್ಬರು ಕೊಳವೆಗಳನ್ನು ಬಗ್ಗಿಸಿ ಬಿರುಕುಗಳನ್ನು ಹುಡುಕಬೇಕು. ಹಳೆಯ ಬ್ರೇಕುಪಟ್ಟಿಗಳಲ್ಲಿ ಕಲ್ನಾರು ಇರಬಹುದಾದುದರಿಂದ ಅವುಗಳ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರಸಬೇಕು.

ಟೈರಿನ ವಿಷಯದಲ್ಲಿಯೂ ಕಣ್ಣನ್ನು ನಂಬಬಾರದು. ಕಡಮೆ ಓಡುವ ಕಾರಿನ ಟೈರು ಸವೆಯುವುದಕ್ಕೆ ಮೊದಲೇ ಗಡುಸಾಗುವುದು. 2000ದಿಂದ ಈಚಿನ ಟೈರುಗಳ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ತೋರಿಸುವ ನಾಲ್ಕು ಅಂಕಿಗಳಿರುತ್ತವೆ. ‘2319’ ಎಂದಿದ್ದರೆ 2019ರ 23ನೆಯ ವಾರ. ಇನ್ನೊಂದು ಎಚ್ಚರಿಕೆ: ಜಾಕಿಯೊಂದರ ಮೇಲೆಯೇ ನಿಂತಿರುವ ಕಾರಿನ ಅಡಿಗೆ ಯಾರೂ ಎಂದೂ ನುಸುಳಬಾರದು. ಜಾಕಿ ಎತ್ತುವುದಕ್ಕೆ ಮಾತ್ರ. ಹೊರುವುದಕ್ಕೆ ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳೇ ಬೇಕು.

ಕಾಲ ಬದಲಾದಾಗ

ಕಾರು ಹಾಗೆಯೇ ಉಳಿದರೂ ಅದರ ಸುತ್ತಲಿನ ಲೋಕ ಉಳಿಯುವುದಿಲ್ಲ. ಎಂ.ಜಿ.ಬಿ. ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ಅದು ಎಂಜಿನ್ನು ಬಡಿಯುವುದನ್ನು ತಡೆಯುತ್ತಿದ್ದುದಲ್ಲದೆ, ಎರಕದ ಕಬ್ಬಿಣದ ಕವಾಟಪೀಠಗಳ ಮೇಲೆ ತೆಳುವಾದ ಲೇಪವನ್ನು ಹಚ್ಚಿ ಅವುಗಳನ್ನು ಕಾಯುತ್ತಿತ್ತು. ಆದರೆ ಸೀಸವು ವಿಷ. ಮುಖ್ಯವಾಗಿ ಮಕ್ಕಳ ಮಿದುಳಿಗೆ ಹಾನಿಕರ. ಬ್ರಿಟನ್ನಿನಲ್ಲಿ 2000ದ ಆರಂಭಕ್ಕೆ ಅದರ ಸಾಮಾನ್ಯ ಮಾರಾಟ ನಿಂತಿತು. ಭಾರತದಲ್ಲಿಯೂ ಅದೇ ವರ್ಷ ಸೀಸದ ಪೆಟ್ರೋಲು ನಿಂತಿತು. ಲೋಕಹಿತಕ್ಕಾಗಿ ಆಗಬೇಕಾದುದೇ ಆಯಿತು. ಹಳೆಯ ಕಾರಿನವರು ಎಂಜಿನ್ನಿನ ತಲೆಯನ್ನು ಬಿಚ್ಚಿದಾಗ ಗಡುಸಾದ ಉಕ್ಕಿನ ಪೀಠಗಳನ್ನು ಕೂಡಿಸಿ ಹೊಂದಿಕೊಂಡರು. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿಗೆ ಶೇಕಡಾ ಹತ್ತರವರೆಗೆ ಎಥನಾಲ್ ಸೇರಿಸಲಾರಂಭಿಸಿದರು. ಎಥನಾಲು ನೀರನ್ನು ಸೆಳೆಯುವುದು. ಹಳೆಯ ಜಾತಿಯ ರಬ್ಬರನ್ನು ಮೆತ್ತಗೆ ಮಾಡುವುದು. ಆದುದರಿಂದ ಪೆಟ್ರೋಲಿನ ಕೊಳವೆಗಳನ್ನು ಹೊಸ ಬಗೆಯ ರಬ್ಬರಿನವಕ್ಕೆ ಬದಲಿಸಬೇಕಾಯಿತು. ಸೋರಿದ ಪೆಟ್ರೋಲು ಬಿಸಿ ಕೊಳವೆಯ ಮೇಲೆ ಬಿದ್ದರೆ ಬೆಂಕಿಯೇ ಸರಿ.

ಪರೀಕ್ಷಕನಿಲ್ಲದ ಪರೀಕ್ಷೆ

ಬ್ರಿಟನ್ನಿನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಆದರೆ 2018ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ ಮತ್ತು ಹೆಚ್ಚಾಗಿ ಮಾರ್ಪಡಿಸದ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಕೊನೆಯ ಎಂ.ಜಿ.ಬಿ.ಗೂ 2020ರಲ್ಲಿ ನಲವತ್ತು ತುಂಬಿತು. ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಕಟ್ಟಳೆ ಮಾತ್ರ ಹಾಗೆಯೇ ಇದೆ. ಯೋಗ್ಯವೋ ಅಲ್ಲವೋ ಎಂದು ಪ್ರತಿವರ್ಷ ಕೇಳುವ ಅಧಿಕಾರಿ ಇಲ್ಲ.

ಈ ವಿನಾಯಿತಿಯನ್ನು ಅನುಕೂಲವೆಂದು ತಿಳಿಯುವ ಒಡೆಯನೂ ಇರಬಹುದು, ಹೊಣೆಯೆಂದು ತಿಳಿಯುವವನೂ ಇರಬಹುದು. ಎದುರಿನಿಂದ ಬರುವ ಸೈಕಲ್ಲಿನ ಹುಡುಗನಿಗೆ ಈ ಕಾರಿನ ಬ್ರೇಕಿನ ದ್ರವ ಎಷ್ಟು ಹಳೆಯದೆಂದು ತಿಳಿಯುವ ಬಗೆಯೇ ಇಲ್ಲ. ಅವನು ಒಡೆಯನ ಮನಸ್ಸಾಕ್ಷಿಯನ್ನು ನಂಬಿ ರಸ್ತೆಯಲ್ಲಿ ಬರುತ್ತಿದ್ದಾನೆ. ನಾವು ಊಹಿಸಿಕೊಂಡ ಒಡೆಯನ ನೋಟುಬುಕ್ಕು ಇಲ್ಲಿಯೇ ಕೆಲಸಕ್ಕೆ ಬರುವುದು. ತಾರೀಖು, ಮೈಲಿ, ಹಾಕಿದ ಎಣ್ಣೆ, ಅಳೆದ ಸಂದು, ಬದಲಿಸಿದ ಭಾಗ—ಇಷ್ಟನ್ನು ಬರೆಯುತ್ತ ಬಂದರೆ, ಎಣ್ಣೆಯ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ತಾನಾಗಿಯೇ ಕಾಣುವುದು. ಪಿಸ್ಟನ್ನಿನ ಬಳೆಗಳು ಸವೆಯುತ್ತಿವೆಯೆಂದು ಎಂಜಿನ್ನನ್ನು ಬಿಚ್ಚದೆಯೇ ಊಹಿಸಬಹುದು. ನೆನಪು ಮೋಸಮಾಡುವುದು, ಬರಹ ಮಾಡದು. ಪ್ರಯೋಗಶಾಲೆಯ ವಿಜ್ಞಾನಿಗೂ ಷೆಡ್ಡಿನ ಒಡೆಯನಿಗೂ ಇಲ್ಲಿ ಭೇದವಿಲ್ಲ.

ಇಷ್ಟೆಲ್ಲ ಶ್ರಮಕ್ಕೆ ಪ್ರತಿಫಲವೇನು? ಇಂದಿನ ಕಾರುಗಳು ಇದಕ್ಕಿಂತ ವೇಗವಾದುವು, ಸುರಕ್ಷಿತವಾದುವು, ಕಡಮೆ ಹೊಗೆ ಬಿಡುವುವು, ಇದನ್ನು ಒಪ್ಪಿಕೊಳ್ಳಲೇಬೇಕು. ದಿನನಿತ್ಯದ ಓಡಾಟಕ್ಕೆ ಹಳೆಯ ಕಾರು ತಕ್ಕುದಲ್ಲ. ಆದರೆ ಬಿಸಿಲು ಬಿದ್ದ ಒಂದು ಭಾನುವಾರ, ಮಾಡನ್ನು ಮಡಚಿ ಹಳ್ಳಿಯ ರಸ್ತೆಯಲ್ಲಿ ಹೊರಟಾಗ, ನೆಲಕ್ಕೆ ಹತ್ತಿರ ಕುಳಿತವನಿಗೆ ಗಂಟೆಗೆ ನಲವತ್ತು ಮೈಲಿಯೇ ಮಹಾವೇಗವೆನಿಸುವುದು. ಗೇರಿನ ಸನ್ನೆಯ ನಡುಕ, ಚಕ್ರದ ಕೆಳಗಿನ ಜಲ್ಲಿ, ಕಾದ ಎಣ್ಣೆಯ ವಾಸನೆ—ಎಲ್ಲವೂ ಅವನಿಗೆ ಏನನ್ನೋ ತಿಳಿಸುವುವು. ಆ ಮುಚ್ಚಳದ ಕೆಳಗೆ ಏನು ನಡೆಯುತ್ತಿದೆಯೆಂದು ಅವನು ಬಲ್ಲ. ಮೊನ್ನೆ ತಾನೇ ಕೈಯಾರೆ ಸರಿಪಡಿಸಿದ ಕವಾಟದ ಸದ್ದನ್ನು ಅವನು ಗುರುತಿಸಬಲ್ಲ. ತಿಳಿದು ಅನುಭವಿಸುವ ಸುಖ ಇದು.

ಈ ಸುಖವನ್ನು ಪಡೆಯಲು ಸ್ಪೋರ್ಟ್ಸ್ ಕಾರೇ ಬೇಕೆಂದಿಲ್ಲ. ನಿಮ್ಮ ಮನೆಯ ಜಗುಲಿಯಲ್ಲಿ ಒಂದು ಹಳೆಯ ಸೈಕಲ್ಲು ಇರಬಹುದು. ನಾಳೆಯೇ ಅದರ ಸರಪಳಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಿರಿ. ಬ್ರೇಕಿನ ರಬ್ಬರು ಎಷ್ಟು ದಪ್ಪವಿದೆಯೆಂದು ಅಳೆಯಿರಿ. ಒಂದು ನೋಟುಬುಕ್ಕನ್ನು ತೆಗೆದು ತಾರೀಖು ಹಾಕಿ ಬರೆದಿಡಿರಿ. ಮೂರು ತಿಂಗಳ ಮೇಲೆ ಮತ್ತೆ ಅಳೆದು ನೋಡಿರಿ. ಯಂತ್ರಕ್ಕೆ ಮುಪ್ಪುಂಟೆ ಎಂಬ ಪ್ರಶ್ನೆಗೆ ನಿಮ್ಮದೇ ಆದ ಉತ್ತರ ಅಲ್ಲಿ ದೊರೆಯುವುದು.